ಏಳನೆಯ ಸಾಲು

ಐಲಿ ಕೊರ್ಪೆಲಾ ಬೆಳಿಗ್ಗೆ ಕೆಲಸಕ್ಕೆಂದು ಹೊರಟವಳು ಅರ್ಧ ದಾರಿಯಿಂದ ಹಿಂದಿರುಗಿ, ಒಲೆ ಆರಿದೆಯೇ ಎಂದು ನೋಡಿಕೊಂಡು ಬರುವ ಪೈಕಿ. ಒಲೆ ಆರಿಯೇ ಇರುತ್ತಿತ್ತು. "ಹಾಗಾದ್ರೆ ಯಾಕೆ ದಿನಾ ನೋಡ್ತೀಯ?" ಎಂದು ನಾನು ಕೇಳಿದರೆ, "ನೋಡ್ತೀನಲ್ಲ, ಅದಕ್ಕೇ ಆರಿರುತ್ತೆ" ಎನ್ನುತ್ತಿದ್ದಳು. ಇಂಥವಳ ಜೊತೆ ವಾದ ಮಾಡಿ ಗೆದ್ದವರುಂಟೆ?

ಈ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಅವಳದು. ನಮ್ಮದು ವಿಶ್ವವಿದ್ಯಾಲಯದ ದತ್ತಾಂಶ ಭಂಡಾರ. ಸಂಶೋಧಕರು ಊರೂರು ಅಲೆದು, ಜನರನ್ನು ಕೇಳಿ ಬರೆದುಕೊಂಡ ಮಾಹಿತಿಯನ್ನೆಲ್ಲ ತಮ್ಮ ಪುಸ್ತಕ ಮುಗಿದ ಮೇಲೆ ತಂದು ನಮ್ಮಲ್ಲಿಡುತ್ತಾರೆ. ನಾವು ಅದನ್ನು ಠೇವಣಿ ಎನ್ನುತ್ತೇವೆ. ಬ್ಯಾಂಕಿನ ಠೇವಣಿಯನ್ನು ಇಟ್ಟವನೇ ಬಂದು ತೆಗೆಯಬೇಕು. ನಮ್ಮದನ್ನು ಯಾರು ಬೇಕಾದರೂ ಜಾಲತಾಣದಿಂದ ಇಳಿಸಿಕೊಂಡು ಓದಬಹುದು. ಆದ್ದರಿಂದ ಅದು ಹೊರಗೆ ಹೋಗುವ ಮೊದಲು ಒಬ್ಬರು ಕೂತು, ಉತ್ತರ ಕೊಟ್ಟವರು ಯಾರೆಂದು ಯಾರಿಗೂ ಗುರುತು ಸಿಗದ ಹಾಗೆ ಹೆಸರು, ಮನೆ ನಂಬರು, ಹುಟ್ಟಿದ ದಿನ ಎಲ್ಲವನ್ನೂ ಅಳಿಸಬೇಕು. ಆ ಒಬ್ಬರು ಐಲಿ. ನಾನು, ಗ್ವೆನ್, ಪಕ್ಕದ ಮೇಜಿನವಳು. ಅವಳು ತೊಳೆದು ಕೊಟ್ಟ ಕಡತಗಳು ಕೆಡದ ಹಾಗೆ ಕಂಪ್ಯೂಟರಿನಲ್ಲಿ ಕಾಪಾಡುವುದು ನನ್ನ ಪಾಲಿನ ಕೆಲಸ.

ಊರಿಗೆ ಒಬ್ಬನೇ ಇರುವವನನ್ನು ಕಂಡರೆ ಐಲಿಗೆ ಭಯ. ಒಂದು ಊರಿನಲ್ಲಿ ಹಲ್ಲಿನ ಡಾಕ್ಟರು ಒಬ್ಬನೇ ಇದ್ದರೆ ಅವಳ ಕೈಯಲ್ಲಿ ಅವನು "ವೈದ್ಯಕೀಯ ಕೆಲಸ" ಆಗಿಬಿಡುತ್ತಿದ್ದ. ಹನ್ನೊಂದು ಮಕ್ಕಳ ತಾಯಿ "ಆರಕ್ಕಿಂತ ಹೆಚ್ಚು" ಆಗುತ್ತಿದ್ದಳು. "ಒಂಟಿಯಾಗಿ ನಿಂತೋರು ಸಿಕ್ಕಿಬೀಳ್ತಾರೆ ಕಣೇ. ಗುಂಪಿನಲ್ಲಿ ನಿಲ್ಲಿಸಬೇಕು" ಎನ್ನುವುದು ಅವಳ ಮಂತ್ರ. ಹೆಸರನ್ನೂ ಸಂಖ್ಯೆಯನ್ನೂ ಕೂಡಿಸಿ ಬರೆದ ಹಾಳೆ ಠೇವಣಿಯ ಜೊತೆ ಬಂದರೆ ಅದನ್ನು ತಾನೇ ಯಂತ್ರಕ್ಕೆ ಹಾಕಿ ಎಳೆ ಎಳೆಯಾಗಿ ಚೂರು ಮಾಡುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಒಬ್ಬನ ಗುಟ್ಟು ಕಾಯೋಕೆ ನನಗೆ ಪುರುಸೊತ್ತೆಲ್ಲಿದೆ, ಸಾವಿರಾರು ಜನರದ್ದು ಕಾಯ್ತಿದೀನಲ್ಲ" ಎಂದು ನಗುತ್ತಿದ್ದಳು. ಅವಳು ನಕ್ಕದ್ದು ನನಗೆ ನೆನಪಿರುವುದೇ ಅಂಥ ನಾಲ್ಕೈದು ಸಲ.

ಆ ಫೋನು ಬಂದದ್ದು ಫೆಬ್ರವರಿಯ ಒಂದು ಮಂಗಳವಾರ. ಐಲಿಯ ಕೈಯಲ್ಲಿ ರೈ ಬ್ರೆಡ್ಡಿನ ತುಂಡಿತ್ತು, ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿದಳು. ಆ ಕಡೆ ಒಬ್ಬ ಮುದುಕ, ಉತ್ತರದ ಸರೋವರ ತೀರದ ರಾಗ.

"ಅಮ್ಮಾ, ನಾನು ಎಸ್ಕೊ ಅಂತ. ನಿಮ್ಮ ಭಂಡಾರದಿಂದ ಒಂದು ಕಡತ ಇಳಿಸ್ಕೊಂಡಿದೀನಿ. ಹನ್ನೆರಡು ವರ್ಷದ ಹಿಂದೆ ಒಬ್ಳು ಹುಡುಗಿ ನಮ್ಮ ಕಡೆ ಊರಿಗೆಲ್ಲ ಬಂದು ಮನೆ ಮನೇಲೂ ಹೆಂಗಸರನ್ನ ಪ್ರಶ್ನೆ ಕೇಳಿದ್ಲಲ್ಲ, ಅದು. ಬಹಳ ಸೊಗಸಾಗಿದೆ!"

"ಸಂತೋಷ ಸರ್" ಎಂದಳು ಐಲಿ.

"ನಮ್ಮೂರಿಗೆ ಈ ಬೇಸಿಗೇಲಿ ನೂರು ತುಂಬುತ್ತೆ. ಪುಸ್ತಕ ಮಾಡ್ತಿದೀವಿ, ನಾನೇ ಬರೆಯೋನು. ನೀವು ಊರಿನ ಹೆಸರು ಅಳಿಸಿ 'ಮೂರನೇ ಊರು' ಅಂತ ಹಾಕಿದೀರಿ. ಆದ್ರೂ ನನಗೆ ಗೊತ್ತಾಗಲ್ವಾ? ಹೋಟೆಲಿಲ್ಲ, ಶಾಲೆ ಮುಚ್ಚಿದೆ, ಇರೋದೇ ಒಂದು ಬೀದಿ, ಹಬೆಸ್ನಾನದ ಸೌನಾ ಮಾತ್ರ ಮನೆಗೊಂದು. ನಮ್ದೇ ಅದು! ಈಗ ಒಂದೇ ಒಂದು ಅನುಮಾನ. ಆ ಹುಡುಗಿ ಶುರು ಮಾಡಿದ್ದು ಚರ್ಚಿನ ಕಡೆಯಿಂದಲೋ, ಸರೋವರದ ಕಡೆಯಿಂದಲೋ?"

ಐಲಿ ಬ್ರೆಡ್ಡನ್ನು ಮೇಜಿನ ಮೇಲೆ ಇಟ್ಟಳು. "ಯಾಕೆ ಕೇಳ್ತೀರಿ?"

"ನಾನು ಆ ಬೀದೀಲಿ ಟಪಾಲು ಹಂಚಿದೋನಮ್ಮ, ತಲೆ ನರೆಯೋವರೆಗೂ. ನಿಮ್ಮ ಸಾಲುಗಳನ್ನ ನೋಡಿದ್ರೆ ಚೀಲ ಹೊತ್ಕೊಂಡು ನಡೆದ ಹಾಗೇ ಆಗುತ್ತೆ. ಒಂದು ಮನೇಲಿ ಮುದುಕ ಮುದುಕಿ, ಪಕ್ಕದ ಮನೇಲಿ ಮಕ್ಕಳ ದಂಡು, ಅದರ ಪಕ್ಕ ಗಂಡ ಸತ್ತೋಳು. ಆದ್ರೆ ನಮ್ಮ ಬೀದಿ ಎರಡೂ ತುದಿಯಿಂದ ಹೆಚ್ಚುಕಮ್ಮಿ ಒಂದೇ ಥರ. ಅಲ್ಲೇ ಸಿಕ್ಕಾಕ್ಕೊಂಡೆ."

"ಅದನ್ನ ನಾವು ಹೇಳೋ ಹಾಗಿಲ್ಲ ಸರ್."

"ಓಹೋ, ಗುಟ್ಟು! ಇರ್ಲಿ, ನಾನೇ ಕಂಡುಹಿಡೀತೀನಿ. ಇನ್ನೂ ಹಸು, ಸೌನಾ ಇರೋ ಕಡೆ ಮಾತ್ರ ಓದಿದೀನಿ. ಕಣ್ಣು ಮಂಜು ನೋಡಿ. ಮಿಕ್ಕಿದ್ದನ್ನ ಭಾನುವಾರ ಮಗಳು ಬಂದಾಗ ಓದಿಸ್ಕೋತೀನಿ. ಮನೆ ಮನೆ ಕಥೆ ಬರೀಬೇಕು ಅಂತ ಆಸೆ!"

ಫೋನು ಇಟ್ಟ ಐಲಿ ಬ್ರೆಡ್ಡನ್ನು ಪಕ್ಕಕ್ಕೆ ತಳ್ಳಿದಳು. ಆಮೇಲೆ ಕಡತ ತೆರೆದಳು. ಮೂರನೇ ಊರಿನ ಸಾಲುಗಳ ಮೇಲೆ ಅವಳ ಬೆರಳು ಒಂದೊಂದಾಗಿ ಇಳಿಯಿತು. ನನಗೆ ಏನೂ ಅರ್ಥವಾಗಲಿಲ್ಲ. ಹೆಸರಿಲ್ಲ, ನಂಬರಿಲ್ಲ, ವಯಸ್ಸಿನ ಬದಲು ಮೂವತ್ತರಿಂದ ನಲವತ್ತು, ನಲವತ್ತರಿಂದ ಐವತ್ತು ಎಂದಷ್ಟೇ ಇದೆ. ಕನ್ನಡಿಯಂತೆ ತೊಳೆದ ಕಡತ.

"ಹಳೇ ನಂಬರು ತೆಗೆದು ಹೊಸ ನಂಬರು ಕೊಟ್ಟೆ" ಎಂದಳು. "ಆದ್ರೆ ಕೂತಿದ್ದ ಸಾಲಿನಲ್ಲೇ ಕೊಟ್ಟೆ ಗ್ವೆನ್. ಒಂದು, ಎರಡು, ಮೂರು ಅಂತ. ಆ ಹುಡುಗಿ ಯಾವ ಮನೆಯಿಂದ ಯಾವ ಮನೆಗೆ ನಡೆದ್ಲೋ ಅದೇ ಸಾಲು. ಇಸ್ಪೀಟು ಕಲಸೋ ಹಾಗೆ ಕಲಸಬೇಕಿತ್ತು. ಕಲಸಲಿಲ್ಲ."

ಎಲ್ಲ ಬಾಗಿಲಿಗೂ ಬೀಗ ಹಾಕಿ, ಬೀದಿಯನ್ನೇ ಎತ್ತಿ ಕಡತದೊಳಗೆ ಇಟ್ಟಿದ್ದಳು. ಇಂಥ ತಪ್ಪು ನಮ್ಮ ಕಸುಬಿನವರಿಗೆ ಮಾತ್ರ ಸಾಧ್ಯ. ಬೇರೆಯವರಾದರೆ ಒಂದು ಹೆಸರನ್ನೇ ಮರೆತು ಬಿಟ್ಟಿರುತ್ತಿದ್ದರು.

ಅವಳ ಬೆರಳು ಏಳನೆಯ ಸಾಲಿನಲ್ಲಿ ನಿಂತಿತ್ತು. ಆ ಸಾಲಿನ ಕೊನೆಯಲ್ಲಿ ಒಂದು ಪ್ರಶ್ನೆ: ಈ ಮನೆಯಲ್ಲಿ ನಿಮಗೆ ಯಾರದಾದರೂ ಹೆದರಿಕೆ ಇದೆಯೇ? ಉತ್ತರ, ಹೌದು. ಅದರ ಮುಂದೆ ಆ ಹೆಂಗಸು ಹೇಳಿದ ಮಾತನ್ನು ಹಾಗೆಯೇ ಬರೆದುಕೊಂಡಿದ್ದರು: "ಗಂಡ ಹೊಡೀತಾನೆ. ನಾನು ಇದನ್ನ ಹೊರಗೆ ಹೇಳಿದೆ ಅಂತ ಗೊತ್ತಾದ್ರೆ ಜೀವಸಹಿತ ಬಿಡಲ್ಲ." ಅದನ್ನು ನಾನು ಎರಡು ಸಲ ಓದಿದೆ. ಐಲಿ ಓದಲಿಲ್ಲ. ಅವಳಿಗೆ ಅದು ಬಾಯಿಪಾಠವಾಗಿತ್ತು.

ಇಬ್ಬರೂ ಹಾರ್ಲನ್ ಹತ್ತಿರ ಹೋದೆವು. ಆತ ನಮ್ಮ ನಿರ್ದೇಶಕ, ಕೆಟ್ಟ ಮನುಷ್ಯನೇನಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ.

"ತೆಗೆದುಬಿಡಿ, ಸಮಾಧಿಕಲ್ಲು ನೆಡಿ, ಕಾರಣ ಬರೀರಿ" ಎಂದ.

ಒಮ್ಮೆ ಹೊರಗೆ ಬಂದ ಕಡತವನ್ನು ನಾವು ಸದ್ದಿಲ್ಲದೆ ಮಾಯ ಮಾಡುವ ಹಾಗಿಲ್ಲ. ಅದರ ಜಾಗದಲ್ಲಿ ಒಂದು ಪುಟ ನಿಲ್ಲಿಸಿ, ಇಂಥದ್ದು ಇಲ್ಲಿತ್ತು, ಇಂಥ ಕಾರಣಕ್ಕೆ ತೆಗೆದೆವು ಎಂದು ಬರೆಯಬೇಕು. ಆ ಪುಟಕ್ಕೆ ನಮ್ಮಲ್ಲಿ ಸಮಾಧಿಕಲ್ಲು ಎಂದೇ ಹೆಸರು. ಕಲ್ಲಿನ ಮೇಲೆ ಸುಳ್ಳು ಕೆತ್ತಬಾರದು ಎನ್ನುವುದು ಕಸುಬಿನ ಮರ್ಯಾದೆ.

"ಏನಂತ ಬರೀಲಿ?" ಎಂದಳು ಐಲಿ. "ಸಾಲುಗಳು ಮನೆಗಳ ಕ್ರಮದಲ್ಲಿವೆ ಅಂತಲಾ? ಈಗಾಗಲೇ ಇಳಿಸ್ಕೊಂಡಿರೋರು ಎಷ್ಟೋ ಜನ ಇದಾರೆ. ಗೊತ್ತಿಲ್ಲದೋರಿಗೂ ನಾವೇ ದಾರಿ ತೋರಿಸಿದ ಹಾಗಾಗುತ್ತೆ."

"ಹಾಗಾದ್ರೆ 'ಪರಿಶೀಲನೆಯಲ್ಲಿದೆ' ಅಂತ ಹಾಕಿ. ಅದು ಸುಳ್ಳಲ್ಲ."

"ಆ ಹೆಂಗಸಿಗೆ ತಿಳಿಸೋದು ಬೇಡವಾ?"

ಹಾರ್ಲನ್ ಕನ್ನಡಕ ತೆಗೆದು ಒರೆಸಿಕೊಂಡ. "ಯಾರು ಆ ಹೆಂಗಸು? ನಮಗೆ ಗೊತ್ತಿಲ್ಲ. ಗೊತ್ತಿರಬಾರದು ಅಂತಲೇ ಆ ಹಾಳೇನ ನೀವೇ ಚೂರು ಮಾಡಿದ್ರಿ. ಪ್ರಶ್ನೆ ಕೇಳೋ ಹುಡುಗಿಯನ್ನ ಕಳಿಸಿದ್ದ, ಠೇವಣಿ ಇಟ್ಟ ಪ್ರೊಫೆಸರು ತೀರಿಕೊಂಡ್ರು. ಐಲಿ, ಉತ್ತರ ಕೊಟ್ಟೋರನ್ನ ಹುಡುಕೋದು ನಮ್ಮ ಕೆಲಸ ಅಲ್ಲ. ಹುಡುಕದೇ ಇರೋದೇ ನಮ್ಮ ಕೆಲಸ. ಸಮಿತಿಯ ಮುಂದೆ ಇಡ್ತೀನಿ, ಮುಂದಿನ ತಿಂಗಳು ಸಭೆ ಇದೆ."

"ಆ ಮನುಷ್ಯ ಭಾನುವಾರ ಓದಿಸ್ಕೋತಾನೆ."

"ಸಭೆ ಮುಂದಿನ ತಿಂಗಳೇ" ಎಂದ ಹಾರ್ಲನ್, ತನಗೂ ನಾಚಿಕೆಯಾದವನ ಹಾಗೆ.

ಅತ್ತ ದರಿ, ಇತ್ತ ಪುಲಿ. ನನಗೆ ಸಿಟ್ಟು ಬಂತು, ಹಾರ್ಲನ್ ಮೇಲೆ, ಆ ಟಪಾಲಿನ ಮುದುಕನ ಮೇಲೆ, ನಿಜ ಹೇಳಬೇಕೆಂದರೆ ಐಲಿಯ ಮೇಲೂ. "ಎಸ್ಕೊಗೆ ಫೋನ್ ಮಾಡಿ, ಆ ಕೊನೇ ಭಾಗ ಓದ್ಬೇಡಿ ಅಂತ ಹೇಳಿಬಿಡೋಣ" ಎಂದೆ.

"ಓದ್ಬೇಡಿ ಅಂದ್ರೆ ಯಾರಾದ್ರೂ ಮೊದಲು ಓದೋದೇ ಅದನ್ನ. ನೀನಾದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ.

ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಪ್ರೊಫೆಸರು ಠೇವಣಿಯ ಜೊತೆ ಕೊಟ್ಟಿದ್ದ ಟಿಪ್ಪಣಿಗಳನ್ನು ಮತ್ತೆ ಮತ್ತೆ ತೆಗೆದು ಓದಿದಳು. ಅದರಲ್ಲಿ ಒಂದು ಕಡೆ, ಮೂರನೇ ಊರಿನಲ್ಲಿ ಹಿಮಗಾಳಿ ಇದ್ದುದರಿಂದ ಸರೋವರದ ತುದಿಯಿಂದ ಶುರು ಮಾಡಿ ಗಾಳಿಗೆ ಬೆನ್ನು ಕೊಟ್ಟು ನಡೆಯಲಾಯಿತು ಎಂದಿತ್ತು. ಅಲ್ಲಿಗೆ ಉತ್ತರ ಸಿಕ್ಕಿತು. ಸರೋವರದಿಂದ ಏಳನೆಯ ಮನೆ. ಆದರೆ ಆ ಉತ್ತರ ಹುಡುಕಿದ ಗಳಿಗೆಯಲ್ಲೇ ಅವಳು ಜೀವನವೆಲ್ಲ ಮಾಡಬಾರದು ಎಂದುಕೊಂಡಿದ್ದ ಕೆಲಸವನ್ನು ಮಾಡಿಯಾಗಿತ್ತು. ಕಡತದೊಳಗಿನ ಒಬ್ಬಳು ಹೆಂಗಸನ್ನು ಹೊರಗೆ ಒಂದು ಮನೆಯಲ್ಲಿ ಗುರುತು ಹಿಡಿದಿದ್ದಳು. "ಟಪಾಲಿನೋನು ಮಾಡಿದ್ದನ್ನೇ ನಾನೂ ಮಾಡಿದೆ" ಎಂದಳು.

ಶುಕ್ರವಾರ ರಜೆ ಹಾಕಿ ಹೊರಟೆವು. ನಾನು ಹೋದದ್ದು ದೊಡ್ಡತನದಿಂದಲ್ಲ. ಹಿಮದ ರಸ್ತೆಯಲ್ಲಿ ಐಲಿ ಕಾರು ಓಡಿಸಿದರೆ ಭಾನುವಾರವೂ ತಲುಪುತ್ತಿರಲಿಲ್ಲ. ಉತ್ತರಕ್ಕೆ ಹೋಗುವ ಉದ್ದ ಸೇತುವೆ ದಾಟಿ, ಕತ್ತಲಾದ ಮೇಲೆ ಒಂದು ರಸ್ತೆ ಬದಿಯ ವಸತಿಯಲ್ಲಿ ಮಲಗಿ, ಶನಿವಾರ ಬೆಳಿಗ್ಗೆ ಆ ಊರು ಸೇರಿದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಾತು.

"ಗಂಡ ಬಾಗಿಲು ತೆಗೆದ್ರೆ?"

"ದಾರಿ ತಪ್ಪಿ ಬಂದ್ವಿ ಅನ್ನೋಣ."

"ಅವಳು ಮನೇಲೇ ಇಲ್ದಿದ್ರೆ? ಆ ಮನೇಲಿ ಬೇರೆಯವರಿದ್ರೆ? ಎಣಿಸೋದು ತಪ್ಪಿದ್ರೆ?"

"ಐಲಿ, ಸ್ವಲ್ಪ ಬಾಯಿ ಮುಚ್ಚು. ರಸ್ತೆ ಜಾರ್ತಿದೆ."

ಬೀದಿಯ ಸರೋವರದ ತುದಿಯಲ್ಲಿ ಕಾರು ನಿಲ್ಲಿಸಿದಾಗ ಅವಳು ನನ್ನ ತೋಳು ಹಿಡಿದಳು. "ನೇರ ಆ ಮನೆಗೆ ಹೋಗೋ ಹಾಗಿಲ್ಲ. ಊರಿಗೆ ಹೊಸ ಕಾರು. ಪ್ರತಿ ಕಿಟಕೀಲೂ ಒಂದು ಕಣ್ಣಿರುತ್ತೆ. ಎಲ್ಲ ಬಿಟ್ಟು ಒಂದೇ ಬಾಗಿಲು ತಟ್ಟಿದ್ರೆ ಸಂಜೆಯೊಳಗೆ ಅವಳ ಗಂಡನ ಕಿವಿಗೆ ಬೀಳುತ್ತೆ. ಎಲ್ಲ ಮನೆಗೂ ಹೋಗಬೇಕು. ಮೊದಲನೇದರಿಂದ ಕೊನೇದರವರೆಗೆ. ಆಗ ಅವಳ ಮನೇಗೆ ಯಾಕೆ ಹೋದ್ವಿ ಅಂತ ಯಾರೂ ಕೇಳಲ್ಲ."

"ಹೋಗಿ ಏನಂತೀಯ?"

"ನಿಜಾನೇ. ಹಿಂದೆ ನಿಮ್ಮೂರಲ್ಲಿ ಪ್ರಶ್ನೆ ಕೇಳಿದ್ವಿ, ಕೃತಜ್ಞತೆ ಹೇಳೋಕೆ ಬಂದ್ವಿ, ಏನಾದ್ರೂ ಅಳುಕಿದ್ರೆ ನಮಗೆ ಹೇಳಿ ಅಂತ."

ಹನ್ನೆರಡು ವರ್ಷದ ಮೇಲೆ ಕೃತಜ್ಞತೆ! ಆದರೆ ಉತ್ತರದ ಆ ಜನರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬಾಗಿಲು ತಟ್ಟಿದ ಕಡೆಯೆಲ್ಲ ಬೂಟು ಬಿಚ್ಚಿಸಿ ಕೂರಿಸಿದರು. ಕಾಫಿ ಬೇಡ ಎನ್ನುವುದು ಅಲ್ಲಿ ಅವಮಾನ. ಮೊದಲನೆಯ ಮನೆಯಲ್ಲಿ ಕಾಫಿ, ಏಲಕ್ಕಿ ಹಾಕಿದ ನಿಸು ಬ್ರೆಡ್ಡು. ಎರಡನೆಯದರಲ್ಲಿ ಕಾಫಿ, ನಿಸು, ಮೊಮ್ಮಕ್ಕಳ ಫೋಟೋ. ಮೂರನೆಯದರಲ್ಲಿ ಮೊಣಕಾಲು ನೋವಿನ ಕಥೆ. ಐಲಿಯ ಕಣ್ಣು ಕಿಟಕಿಯಾಚೆಗಿತ್ತು. ಅವಳ ಪಾಲಿನ ಕಾಫಿಯನ್ನೂ ನಾನೇ ಕುಡಿದು ಮುಗಿಸುತ್ತಿದ್ದೆ.

ಆರನೆಯ ಮನೆಯ ಮುದುಕಿ ನಮ್ಮನ್ನು ಬಾಗಿಲವರೆಗೆ ಕಳಿಸಿಕೊಡಲು ಬಂದವಳು ದನಿ ತಗ್ಗಿಸಿದಳು. "ಪಕ್ಕದ ಮನೇಗೂ ಹೋಗ್ತೀರಾ? ಗಂಡಸು ಗಡ್ಡೆ ಕಟ್ಟಿರೋ ಸರೋವರದ ಮೇಲೆ ತೂತು ಕೊರೆದು ಮೀನು ಹಿಡಿಯೋಕೆ ಹೋಗಿದಾನೆ. ಮಧ್ಯಾಹ್ನದ ಕಾಫಿಗೆ ಬಂದುಬಿಡ್ತಾನೆ. ಬರೋದ್ರೊಳಗೆ ಮುಗಿಸ್ಕೊಂಡು ಹೋಗಿ ತಾಯಿ."

ಗಡಿಯಾರ ನೋಡಿದೆ. ಹೆಚ್ಚು ಹೊತ್ತಿರಲಿಲ್ಲ. ಸರೋವರದ ಬಿಳಿಯ ಮೇಲೆ ದೂರದಲ್ಲಿ ನಾಲ್ಕೈದು ಕಪ್ಪು ಚುಕ್ಕೆಗಳಿದ್ದವು. ಅದರಲ್ಲಿ ಒಂದು ಅಲ್ಲಾಡುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟವಾಗಿತ್ತು.

ಏಳನೆಯ ಮನೆಯ ಬಾಗಿಲು ತೆರೆದವಳಿಗೆ ಅರುವತ್ತರ ಹತ್ತಿರ ವಯಸ್ಸು. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಎಸ್ಕೊ ಎನ್ನುವುದೂ ಆ ಮುದುಕನ ನಿಜವಾದ ಹೆಸರಲ್ಲ. ಏಳು ಎನ್ನುವುದೂ ನಿಜವಾದ ಸಂಖ್ಯೆಯಲ್ಲ. ಕಸುಬಿನ ಅಭ್ಯಾಸ, ಕ್ಷಮಿಸಬೇಕು.

ಆರು ಮನೆಗಳಲ್ಲಿ ಗಿಣಿಯ ಹಾಗೆ ಒಪ್ಪಿಸಿದ್ದ ಮಾತು ಐಲಿಗೆ ಇಲ್ಲಿ ಬಾಯಿಗೆ ಬರಲಿಲ್ಲ. "ವಿಶ್ವವಿದ್ಯಾಲಯದಿಂದ… ಹಿಂದೊಂದ್ಸಲ ಒಬ್ಳು ಹುಡುಗಿ ಬಂದು…" ಎಂದು ತಡವರಿಸಿದಳು. ಆ ಹೆಂಗಸು ನಮ್ಮ ಹೆಗಲಾಚೆ ಸರೋವರವನ್ನು ಒಮ್ಮೆ ನೋಡಿದಳು. "ಒಳಗೆ ಬನ್ನಿ" ಎಂದಳು. ಬೂಟು ಬಿಚ್ಚಿ ಎನ್ನಲಿಲ್ಲ. ಕಾಫಿ ಎನ್ನಲಿಲ್ಲ.

ಒಳಗೆ ನಿಂತೇ ಐಲಿ ಎಲ್ಲವನ್ನೂ ಹೇಳಿದಳು. ನೀವು ಹೇಳಿದ್ದನ್ನು ನಿಮ್ಮೂರಿನವರೊಬ್ಬರು ಇಳಿಸಿಕೊಂಡಿದ್ದಾರೆ, ನಿಮ್ಮ ಹೆಸರು ಅದರಲ್ಲಿಲ್ಲ, ಆದರೂ ನಾಳೆ ಅವರಿಗೆ ಗೊತ್ತಾಗಬಹುದು, ಅವರು ಕೆಟ್ಟವರಲ್ಲ, ಆದರೆ ಬಾಯಿ ಸಡಿಲ. "ತಪ್ಪು ನಂದು. ಸಾಲು ಕಲಸಬೇಕಿತ್ತು, ನಾನು ಕಲಸಲಿಲ್ಲ. ನಿಮ್ಮನ್ನ ಎಚ್ಚರಿಸೋಕೆ ಬಂದೆ." ಅವಳ ಕಣ್ಣಲ್ಲಿ ನೀರಿತ್ತು.

ಆ ಹೆಂಗಸು ಸಾಲು, ಕಡತ ಯಾವುದನ್ನೂ ಕೇಳಲಿಲ್ಲ. "ನಾನು ಹೇಳಿದ್ದನ್ನ ನೀವು ಓದಿದೀರಾ?" ಎಂದಳು.

"ಓದಿದೀನಿ."

"ಯಾವಾಗ?"

"ನಮ್ಮ ಹತ್ರ ಬಂದಾಗಲೇ. ಹತ್ತು ವರ್ಷದ ಮೇಲಾಯ್ತು."

"ಒಂದ್ಸಲವಾ?"

"ಇಲ್ಲ. ಬಹಳ ಸಲ."

"ಹಾಗಾದ್ರೆ ನಿಮಗೆ ಗೊತ್ತಿತ್ತು" ಎಂದಳು ಆ ಹೆಂಗಸು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ಆ ಹುಡುಗಿ ಬರ್ಕೊಂಡಾಗ ನಾನು ಅಂದ್ಕೊಂಡೆ, ದೊಡ್ಡ ಜಾಗದಿಂದ ಬಂದಿದಾರೆ, ಯಾರಾದ್ರೂ ಓದ್ತಾರೆ, ಓದಿದೋರು ಬಂದೇ ಬರ್ತಾರೆ ಅಂತ. ಆ ಚಳಿಗಾಲ ಪೂರ್ತಿ ಕಾರಿನ ಸದ್ದಾದಾಗೆಲ್ಲ ಕಿಟಕಿಗೆ ಹೋಗ್ತಿದ್ದೆ. ಆಮೇಲೆ ಬಿಟ್ಟೆ."

"ಯಾರಿಗೂ ಹೇಳಲ್ಲ ಅಂತ ನಿಮಗೆ ಮಾತು ಕೊಟ್ಟಿದ್ವಿ" ಎಂದಳು ಐಲಿ. ಅವಳ ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

"ಆ ಮಾತು ಕೊಡಿ ಅಂತ ಕೇಳಿದ್ದು ಯಾರು? ನಾನಂತೂ ಕೇಳಿರ್ಲಿಲ್ಲ. ಕಾಗದದಲ್ಲಿ ಬರೆದಿತ್ತು, ಸಹಿ ಹಾಕಿ ಅಂದ್ರು, ಹಾಕ್ದೆ."

ನಾನು ಕಿಟಕಿಯಿಂದ ನೋಡಿದೆ. ಸರೋವರದ ಮೇಲಿನ ಒಂದು ಚುಕ್ಕೆಗೆ ಈಗ ಕಾಲು ಮೂಡಿತ್ತು. ಅವನು ಹಿಂದೆ ಒಂದು ಸಣ್ಣ ಜಾರುಬಂಡಿ ಎಳೆದುಕೊಂಡು ದಡದ ಕಡೆಗೆ ಬರುತ್ತಿದ್ದ. ಆ ಹೆಂಗಸೂ ನೋಡಿದಳು. ನಡಿಗೆಯಲ್ಲೇ ಗುರುತು ಹಿಡಿದಳು.

"ನಿಮ್ಮ ಕಾರಲ್ಲಿ ಜಾಗ ಇದ್ಯಾ?" ಎಂದಳು.

ಐಲಿ ನನ್ನ ಮುಖ ನೋಡಿದಳು. ಇದಕ್ಕೆ ನಮ್ಮ ನಿಯಮದ ಪುಸ್ತಕದಲ್ಲಿ ಯಾವ ಪುಟವೂ ಇಲ್ಲ. ಹಾರ್ಲನ್ ಏನೆನ್ನುತ್ತಾನೆ, ಸಮಿತಿ ಏನೆನ್ನುತ್ತದೆ, ಬೀದಿಯ ಕಿಟಕಿಗಳು ಏನೆನ್ನುತ್ತವೆ, ಎಲ್ಲವೂ ಅವಳ ಮುಖದಲ್ಲಿ ಬಂದು ಹೋದದ್ದನ್ನು ನಾನು ಕಂಡೆ.

"ಇದೆ" ಎಂದಳು.

ಆ ಹೆಂಗಸು ಗೂಟದಿಂದ ಕೋಟು ತೆಗೆದುಕೊಂಡಳು, ಮಾತ್ರೆಯ ಡಬ್ಬಿ ಜೇಬಿಗೆ ಹಾಕಿಕೊಂಡಳು, ಬೇರೇನನ್ನೂ ಮುಟ್ಟಲಿಲ್ಲ. ಬೀದಿಗೆ ಇಳಿದಾಗ ಆರನೆಯ ಮನೆಯ ಮುದುಕಿ ಪರದೆ ಸರಿಸಿ ನಿಂತಿದ್ದಳು. ಎದುರು ಮನೆಯ ಕಿಟಕಿಯಲ್ಲೂ ಯಾರೋ ಇದ್ದರು. ಐಲಿ ಯಾರ ಕಡೆಗೂ ನೋಡದೆ ಅವಳ ಕೈ ಹಿಡಿದು, ಜಾರುವ ಹಿಮದ ಮೇಲೆ ಬೀದಿಯ ನಡುವೆಯೇ ಕಾರಿನವರೆಗೆ ನಡೆಸಿಕೊಂಡು ಬಂದಳು. ಎಂಟನೆಯ ಮನೆಯ ಬಾಗಿಲನ್ನು ನಾವು ತಟ್ಟಲಿಲ್ಲ.